ಪ್ಲೇಬ್ಯಾಕ್ ಪೆಟ್ಟಿಗೆ ಮತ್ತು ಒಂಬತ್ತನೆಯ ದಿನ

ಒಂದು ವಸ್ತುವನ್ನು ಕೊಳ್ಳಬೇಕೆಂದು ಮನಸ್ಸಿಗೆ ಬಂದ ಗಳಿಗೆಯಿಂದ ಅದು ಮನೆಗೆ ಬಂದು ಸೇರುವವರೆಗೆ ನಾನು ಮನುಷ್ಯನಾಗಿರುವುದಿಲ್ಲ. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಹೆಂಡತಿ ದಮಯಂತಿ ಒಪ್ಪಿಸುತ್ತಾಳೆ. ಕುಕ್ಕರಿನ ರಬ್ಬರ್ ತರಲು ಮಡಿಕೇರಿಗೆ ಹೋದವನು ಮೂರು ಅಂಗಡಿಗಳಲ್ಲಿ ಮೂರು ರಬ್ಬರುಗಳನ್ನು ಎಳೆದು, ಹಿಂಡಿ, ಮೂಸಿ ನೋಡಿ, ಯಾವುದು ಹೆಚ್ಚು ಬಾಳಿಕೆ ಬಂದೀತೆಂದು ತೀರ್ಮಾನಿಸಲಾಗದೆ, ಕೊನೆಗೆ ಬಸ್ಸಿಗೆ ಹೊತ್ತಾಯಿತೆಂದು ಎರಡು ಕಿಲೋ ಕಿತ್ತಳೆ ಹಿಡಿದುಕೊಂಡು ಬಂದವನು ನಾನು. ಆ ವಾರ ನಮ್ಮ ಮನೆಯಲ್ಲಿ ಬೇಳೆ ಸರಿಯಾಗಿ ಬೇಯಲಿಲ್ಲ. "ನಿಮಗೆ ಕೊಳ್ಳುವ ಆಸೆಯಲ್ಲ, ಹುಡುಕುವ ಚಟ" ಎನ್ನುತ್ತಾಳೆ ದಮಯಂತಿ. ಅದು ಪೂರ್ತಿ ನಿಜವಲ್ಲ. ಕೊಳ್ಳುವ ಆಸೆ ನನಗೆ ಬೇಕಾದಷ್ಟಿದೆ. ಆದರೆ ಒಂದನ್ನು ಕೊಂಡ ಕೂಡಲೇ ಉಳಿದವೆಲ್ಲ ಕೈತಪ್ಪಿ ಹೋಗುತ್ತವಲ್ಲ, ಆ ಸಂಕಟವೂ ಅಷ್ಟೇ ಇದೆ.

ಉದ್ಯೋಗದಿಂದ ನಾನು ಮಾದಾಪುರದ ಹತ್ತಿರದ ಒಂದು ಎಸ್ಟೇಟಿನ ರೈಟರ್. ಹೊರಗಿನವರು ಇದನ್ನು ಕೇಳಿ ಕಥೆ ಕಾದಂಬರಿ ಎಂದುಕೊಂಡು ಸ್ವಲ್ಪ ಗೌರವ ಕೊಡುವುದುಂಟು. ನಾನು ತಿದ್ದಲು ಹೋಗುವುದಿಲ್ಲ. ನಮ್ಮಲ್ಲಿ ರೈಟರ್ ಎಂದರೆ ಬೆಳಿಗ್ಗೆ ಲೈನ್ ಮನೆಗಳಲ್ಲಿರುವ ಆಳುಗಳ ಹಾಜರಿ ಹಾಕಿ, ಇವತ್ತು ಯಾರು ಯಾವ ಬ್ಲಾಕಿಗೆ ಎಂದು ಹೇಳಿ, ಆಮೇಲೆ ಸಂಜೆಯವರೆಗೆ ತೋಟದ ಉದ್ದಗಲ ನಡೆಯುತ್ತಿರುವವನು. ನಿಂತಲ್ಲಿ ನಿಲ್ಲಲಾರದ ನನಗೆ ಹೇಳಿ ಮಾಡಿಸಿದ ಕೆಲಸ. ಕ್ಷೌರದ ಅಂಗಡಿಯಲ್ಲಿ ಕೂಡ ನಾನು ಎರಡು ಸಲ ಎದ್ದು ಹೊರಗೆ ಹೋಗಿ ಬರುತ್ತೇನೆ, ಬಿಳಿ ಬಟ್ಟೆ ಕಟ್ಟಿಕೊಂಡೇ. ಊರಿನವರಿಗೆ ಅಭ್ಯಾಸವಾಗಿದೆ.

ಇಂಥ ನಾನು ಒಂದು ಸಿನಿಮಾ ತೆಗೆಯಲು ಹೊರಟೆ. ಗಾಬರಿಯಾಗಬೇಡಿ, ಅರ್ಧ ಗಂಟೆಯದು, ನಮ್ಮ ಅರೆಭಾಷೆಯಲ್ಲಿ. ಕಥೆ ಬಹಳ ಸಣ್ಣದು. ಒಬ್ಬ ಮುದುಕಿಗೆ ಜ್ವರ ಬಂದು ಮೂಗಿಗೆ ವಾಸನೆ ತಿಳಿಯುವುದೇ ಹೋಗಿಬಿಡುತ್ತದೆ. ಮೀನಿನ ಸಾರು, ಹೊಗೆ, ಮೊಮ್ಮಗುವಿನ ತಲೆಯ ಎಣ್ಣೆ, ಯಾವುದೂ ಅವಳಿಗೆ ಗೊತ್ತಾಗುವುದಿಲ್ಲ. ಮನೆಯವರು ನಂಬುವುದಿಲ್ಲ, ಇದೊಂದು ನೆಪ ಎನ್ನುತ್ತಾರೆ. ಕೊನೆಗೆ ಕಾಫಿ ಹೂವು ಅರಳಿದ ಒಂದು ಬೆಳಿಗ್ಗೆ ಅವಳು ತೋಟದೊಳಗೆ ಹೋಗುತ್ತಾಳೆ, ಒಂದು ರೆಕ್ಕೆಯನ್ನು, ಅಂದರೆ ಗಿಡದ ಅಡ್ಡಕೊಂಬೆಯನ್ನು, ಮೂಗಿಗೆ ಹಿಡಿಯುತ್ತಾಳೆ, ವಾಸನೆ ಬರುತ್ತದೆ, ನಗುತ್ತಾಳೆ. ಅಷ್ಟೇ. ಆ ನಗುವಿಗಾಗಿಯೇ ನಾನು ಉಳಿದ ಇಪ್ಪತ್ತೊಂಬತ್ತು ನಿಮಿಷವನ್ನು ಬರೆದದ್ದು.

ಮುದುಕಿಯ ಪಾತ್ರಕ್ಕೆ ನೀಲಕ್ಕ. ಅವರು ನನ್ನ ತಾಯಿಯ ದೊಡ್ಡಮ್ಮನ ಮಗಳು, ವಯಸ್ಸು ಎಪ್ಪತ್ತೆರಡು. ಎಲ್ಲೂ ನಟಿಸಿದವರಲ್ಲ, ಆದರೆ ಸಾವಿನ ಮನೆಯಲ್ಲಿ ಕೂಡ ಯಾರು ಹೇಗೆ ಅತ್ತರೆಂದು ಅತ್ತು ತೋರಿಸಿ ಜನರನ್ನು ನಗಿಸಬಲ್ಲರು. ಕೇಳಿದ ಕೂಡಲೇ ಒಪ್ಪಿದರು, ಒಂದು ಷರತ್ತಿನ ಮೇಲೆ. "ನಂಗೆ ತೋರ್ಸಕ್. ನೋಡದೆ ನಾ ಹೆಂಗೆ ಹೇಳ್ದು ಸರಿ ಆತ್ ಅಂತ?" ಎಂದರು. ಇದರ ಹಿಂದೆ ಮೂವತ್ತು ವರ್ಷಗಳ ದುಃಖವಿತ್ತು. ನಮ್ಮ ಕಡೆಯ ಯಾವ ಮದುವೆಯ ವಿಡಿಯೋ ಹಾಕಿದರೂ ಅದರಲ್ಲಿ ನೀಲಕ್ಕ ಇದ್ದಾರೆ, ಆದರೆ ಊಟದ ಪಂಕ್ತಿಯಲ್ಲಿ ಮಾತ್ರ. ಬಾಯಿ ತುಂಬ ಅನ್ನ, ಲೈಟಿಗೆ ಅಡ್ಡವಾಗಿ ಒಂದು ಕೈ. ಅದು ಬಿಟ್ಟರೆ ತಾನು ನಡೆಯುವುದು, ಮಾತಾಡುವುದು, ನಗುವುದು ಹೇಗಿರುತ್ತದೆಂದು ಅವರು ನೋಡಿಯೇ ಇಲ್ಲ. ಆ ವಿಡಿಯೋಗಳಲ್ಲಿ ಅರ್ಧದಷ್ಟನ್ನು ತೆಗೆದವನು ಸಿದ್ದಾಪುರದ ಜಬ್ಬಾರ್. ನನ್ನ ಸಿನಿಮಾಕ್ಕೂ ಅವನದೇ ಕ್ಯಾಮೆರಾ. ಮೊದಲ ದಿನ ಅವನನ್ನು ಕಂಡ ಕೂಡಲೇ ನೀಲಕ್ಕ, "ನೀನಲ್ಲಾ ನಾ ಉಂಬದ್ ಮಾತ್ರ ತೆಗ್ದವ?" ಎಂದು ಕೇಳಿದರು. ಜಬ್ಬಾರ್ ತಲೆ ಕೆರೆದುಕೊಂಡ.

ಹೀಗಾಗಿ ಪ್ರತಿ ಶಾಟ್ ಮುಗಿದ ಮೇಲೂ ನೀಲಕ್ಕ ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು, ಕ್ಯಾಮೆರಾದ ಹಿಂದಿರುವ ಬೆಂಕಿಪೆಟ್ಟಿಗೆಯಷ್ಟು ಪರದೆಗೆ ಮುಖ ಒಡ್ಡುವರು. ಅವರ ಹಿಂದೆ ಊರವರು. ಕ್ಯಾಮೆರಾದ ಬ್ಯಾಟರಿ ಶಾಟ್ ತೆಗೆಯುವುದಕ್ಕಿಂತ ತೋರಿಸುವುದಕ್ಕೇ ಮುಗಿಯುತ್ತಿತ್ತು. ಸಾಲದ್ದಕ್ಕೆ ಕ್ಯಾಮೆರಾಕ್ಕೂ ವಯಸ್ಸಾಗಿ, ಒಳಗಿರುವ ಕಾರ್ಡನ್ನೇ ಅದು ಆಗಾಗ ಇಲ್ಲವೆನ್ನತೊಡಗಿತು. ನೀಲಕ್ಕ ಮೀನಿನ ಸಾರಿನ ಮುಂದೆ ಕೂತು ಕಣ್ಣೀರು ಹಾಕಿದ ಒಂದು ಒಳ್ಳೆಯ ಶಾಟ್ ಹಾಗೆಯೇ ಹೋಯಿತು. "ಸಾರ್, ಮೇಲೆ ಕೂರಿಸುದು ಒಂದು ರೆಕಾರ್ಡರ್ ಸಿಕ್ತದೆ" ಎಂದ ಜಬ್ಬಾರ್. "ಕ್ಯಾಮೆರಾ ಕಾಣುದನ್ನು ಅದೇ ರೆಕಾರ್ಡ್ ಮಾಡ್ತದೆ, ಅದೇ ಪ್ಲೇಬ್ಯಾಕ್ ತೋರಿಸ್ತದೆ. ದೊಡ್ಡ ಸ್ಕ್ರೀನ್. ಒಂದೇ ಏಟಿಗೆ ಎರಡು ಹಕ್ಕಿ. ಒಂದು ಚೀಪಲ್ಲಿ ನೋಡಿ ತಗೊಳ್ಳಿ ಸಾರ್." ಅವನು ಹೇಳಿದ್ದು ಇಷ್ಟೇ. ಆದರೆ "ನೋಡಿ ತಗೊಳ್ಳಿ" ಎಂಬ ಮಾತನ್ನು ನನ್ನಂಥವನಿಗೆ ಹೇಳಬಾರದು.

ಹೂವಿನ ವಿಷಯಕ್ಕೆ ನಾನು ಪೊನ್ನಪ್ಪನವರಲ್ಲಿಗೆ ಹೋಗಿದ್ದೆ. ಅವರು ನಮ್ಮ ಎಸ್ಟೇಟಿನ ಆಚೆ ಬದಿಯ ತೋಟದವರು, ಮಾತು ಒರಟು, ಮನಸ್ಸು ಒಳ್ಳೆಯದು. ರೋಬಸ್ಟಾ ಕಾಫಿಯ ಮೊಗ್ಗು ನೀರಿಗಾಗಿ ಕಾಯುತ್ತಿರುತ್ತದೆ. ಮಳೆಯೋ ಸ್ಪ್ರಿಂಕ್ಲರೋ ಒಮ್ಮೆ ಚೆನ್ನಾಗಿ ನೆನೆಸಿದರೆ ಒಂಬತ್ತನೆಯ ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಹತ್ತರಂದು ಜೇನು. ಹನ್ನೊಂದಕ್ಕೆ ಕಂದು ಬಣ್ಣ. ಅಲ್ಲಿಯವರೆಗೆ ತೋಟದೊಳಗೆ ಯಾರೂ ಕಾಲಿಡಬಾರದೆಂಬುದು ನಮ್ಮ ಕಡೆಯ ಕಟ್ಟುನಿಟ್ಟು. ಹೂವು ಕಾಯಿ ಕಚ್ಚುವ ಹೊತ್ತಿನಲ್ಲಿ ಮೈ ತಾಗಿದರೂ ನಷ್ಟ. ಆ ದಿನಗಳಲ್ಲಿ ಆ ಬ್ಲಾಕಿಗೆ ಆಳುಗಳನ್ನೇ ಕಳಿಸುವುದಿಲ್ಲ. ಹೀಗಿರುವಾಗ ಕ್ಯಾಮೆರಾ ಹೊತ್ತುಕೊಂಡು ಬರುತ್ತೇನೆಂದರೆ ಯಾರು ಒಪ್ಪುತ್ತಾರೆ? ಪೊನ್ನಪ್ಪ ಒಪ್ಪಿದರು. "ನೋಡು ಮಾರಾಯ, ಇವತ್ತು ಸ್ಪ್ರಿಂಕ್ಲರ್ ಹಾಕಿ ಆಯ್ತು. ಒಂಬತ್ತನೇ ದಿವಸ ಬೆಳಿಗ್ಗೆ, ಇಬ್ಬನಿ ಆರುವ ಮೊದಲು ಬಾ. ದಾರಿ ಬದಿಯ ಸಾಲು ಮಾತ್ರ. ಮೂರೇ ಜನ. ಎರಡು ಸಲ ತೆಗಿ, ಹೋಗು. ಮೂರನೇ ಸಲ ಅಂದ್ರೆ ನಾಯಿ ಬಿಡ್ತೇನೆ" ಎಂದರು. ನೀಲಕ್ಕನಿಗೆ ಹೇಳಿದಾಗ ಅವರು ಬೆರಳು ಮಡಚಿ ದಿನ ಎಣಿಸಿದರು. "ಈ ಸಲದ ಹೂವುಗೇ ಮುಗ್ಸು. ಮುಂದಿನ ಸಲದ ಹೂವು ಬಾಕನ ನಾನೂ ಇರಕಲ್ಲ" ಎಂದರು. ಅದು ಬರುವಾಗ ತಾನೂ ಇರಬೇಕಲ್ಲ ಎಂದು, ನಗುತ್ತಲೇ ಹೇಳಿದ್ದು. ನಾನೂ ಬೆರಳು ಮಡಚಿ ಎಣಿಸಿದೆ.

ಅಂದರೆ ಪೆಟ್ಟಿಗೆ ಕೊಳ್ಳಲು ಎಂಟು ದಿನ.

ಮೊದಲ ಮೂರು ದಿನ ನಾನು ಬರೀ ಓದಿದೆ. ಐದಿಂಚಿನದು ಸಾಕೇ, ಐದೂವರೆಯೇ, ಏಳೇ? ಏಳಿಂಚಿನದು ಒಳ್ಳೆಯದು, ಆದರೆ ಅದರ ಬೆಲೆಗೆ ಒಂದು ಸ್ಕೂಟರ್ ಬರುತ್ತದೆ. ಮೇಲಾಗಿ ಭಾರಕ್ಕೆ ಜಬ್ಬಾರನ ಕ್ಯಾಮೆರಾ ಮುಂದಕ್ಕೆ ಮುಗ್ಗರಿಸುತ್ತದೆ. ಐದಿಂಚಿನದು ಅಗ್ಗ, ಆದರೆ ಬಿಸಿಲಲ್ಲಿ ಪರದೆ ಕಾಣುವುದಿಲ್ಲವಂತೆ. ಇನ್ನೊಂದು ಬಿಸಿಲಲ್ಲಿ ಕಾಣುತ್ತದೆ, ಆದರೆ ಅದಕ್ಕೆ ಬೇರೆ ಬಗೆಯ ಡಿಸ್ಕ್ ಬೇಕು, ಆ ಡಿಸ್ಕ್ ಪೆಟ್ಟಿಗೆಗಿಂತ ದುಬಾರಿ. ಮತ್ತೊಂದರ ಫ್ಯಾನ್ ಸದ್ದು ಮಾಡುತ್ತದೆ. ಇವನ್ನೆಲ್ಲ ಹೇಳುತ್ತಿದ್ದವರು ಯಾವುದೋ ದೇಶದ ತರುಣರು, ಫೋನಿನ ಪರದೆಯ ಮೇಲೆ. ಒಬ್ಬ "ಇದನ್ನು ಬಿಟ್ಟು ಬೇರೆ ಕೊಂಡರೆ ಮೂರ್ಖತನ" ಎಂದರೆ ಮುಂದಿನವನು "ಇದನ್ನು ಕೊಂಡು ಕೆಟ್ಟೆ" ಎನ್ನುತ್ತಿದ್ದ. ಇಬ್ಬರೂ ನನಗೆ ಸತ್ಯವಂತರಂತೆ ಕಂಡರು. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದು ಕೊಂಬೆ ಸವರುವ ಕಸಿ, ಗೊಬ್ಬರದ ಕೆಲಸ ನಡೆಯುವ ಕಾಲ. ನಾನು ಮೆಣಸಿನ ಬಳ್ಳಿಯ ಕೆಳಗೆ ನಡೆಯುತ್ತ ಫೋನು ನೋಡುತ್ತ ಒಂದು ಸಲ ಚರಂಡಿಗೆ ಬಿದ್ದೆ. ಬಿದ್ದಲ್ಲೇ ಆ ವಿಡಿಯೋವನ್ನು ಕೊನೆಯವರೆಗೆ ನೋಡಿ ಎದ್ದೆ.

ನಾಲ್ಕನೆಯ ದಿನ ಸಂಜೆ ನಾಲ್ಕು ಹನಿ ಬಿತ್ತು. ನಮ್ಮಲ್ಲಿ ಮಳೆ ಬಿದ್ದರೆ ತೋಟದವರು ಒಬ್ಬರಿಗೊಬ್ಬರು ಫೋನು ಮಾಡಿ ಎಷ್ಟು ಬಂತೆಂದು ಕೇಳುವ ರೂಢಿ. ಇಂಚಿನ ನೂರರಲ್ಲೊಂದು ಭಾಗಕ್ಕೆ ಒಂದು ಸೆಂಟ್; ಆಚೆ ಗುಡ್ಡಕ್ಕೆ ಇಪ್ಪತ್ತು ಸೆಂಟ್ ಬಂದು ಈಚೆಗೆ ಹನ್ನೆರಡೇ ಬಂದರೆ ಈಚೆಯವರಿಗೆ ಊಟ ಸೇರುವುದಿಲ್ಲ. ಎಸ್ಟೇಟಿನ ಮಳೆಮಾಪಕ ನನ್ನ ಸುಪರ್ದಿಯಲ್ಲಿರುವುದರಿಂದ ಎಲ್ಲರೂ ನನ್ನನ್ನೇ ಕೇಳುವುದು. ಪೊನ್ನಪ್ಪನವರ ಫೋನು ಬಂತು. ನಾನು ಆಗ ಪರದೆಯ ಅಳತೆಯ ತೀರ್ಮಾನಕ್ಕೆ ಬಂದೇಬಿಟ್ಟಿದ್ದೆ. ತಲೆಯಲ್ಲಿ ಬೇರೇನೂ ಇರಲಿಲ್ಲ. "ಎಷ್ಟು?" ಎಂದರು. "ಐದೂವರೆ ಇಂಚು" ಎಂದೆ. "ಎಂಥದು? ಐದೂವರೆಯಾ? ಇಲ್ಲಿ ನನ್ನ ಅಂಗಳದಲ್ಲಿ ಧೂಳು ಹಾರ್ತಾ ಉಂಟಲ್ಲ!" ಎಂದರು. ನಾನು ಎಚ್ಚೆತ್ತು ತಿದ್ದುವಷ್ಟರಲ್ಲಿ ಅವರು ಫೋನು ಇಟ್ಟು ಇನ್ನು ನಾಲ್ಕು ಜನರಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಅರ್ಧ ಗಂಟೆಯಲ್ಲಿ ಎರಡು ಜೀಪು ನಮ್ಮ ಆಫೀಸಿನ ಮುಂದೆ, ಪ್ರವಾಹ ನೋಡಲು. ನಾನು ಮಳೆಮಾಪಕದ ತಳದಲ್ಲಿದ್ದ ಆರು ಸೆಂಟ್ ನೀರನ್ನು ತೋರಿಸಿ, ಕೈಮುಗಿದು, ಸಿನಿಮಾದ ಪೆಟ್ಟಿಗೆಯ ಕಥೆ ಹೇಳಬೇಕಾಯಿತು. "ಒಂದು ಪೆಟ್ಟಿಗೆಗೆ ಇಷ್ಟಾ?" ಎಂದು ಪೊನ್ನಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ನನ್ನ ತೋಟಕ್ಕೆ ಬರುವ ದಿವಸ ತಲೆ ಸರಿ ಇಟ್ಕೊಂಡು ಬಾ."

ಈ ಅವಮಾನದ ಬಿಸಿಯಲ್ಲಿ ಅದೇ ಸಂಜೆ ಒಂದನ್ನು ಆರ್ಡರ್ ಮಾಡಿಬಿಟ್ಟೆ. ಬಹಳ ಅಗ್ಗದ್ದು, ಐದೂವರೆ ಇಂಚಿನದೇ. ಹಗುರ, ಬಿಸಿಲಿಗೆ ಹೊಳಪು, ಎಲ್ಲರ ಹೊಗಳಿಕೆ. ಜನ್ಮದಲ್ಲಿ ಮೊದಲ ಸಲ ಇಷ್ಟು ಬೇಗ ತೀರ್ಮಾನಿಸಿದ್ದೇನೆಂದು ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕೆನಿಸಿತು. ಜಬ್ಬಾರನಿಗೆ ಅದರ ಚಿತ್ರ ಕಳಿಸಿದೆ. ತಕ್ಷಣ ಫೋನು, ದೇವರನ್ನು ಕೂಗಿಕೊಂಡೇ. "ಪಡಚ್ಚೋನೇ! ಸಾರ್, ಇದು ಮಾನಿಟರ್ ಸಾರ್. ಇದು ಬರೀ ತೋರಿಸುದು. ರೆಕಾರ್ಡ್ ಮಾಡುದಿಲ್ಲ. ಪ್ಲೇಬ್ಯಾಕ್ ಎಲ್ಲಿಂದ ಬರ್ತದೆ?" ಅಷ್ಟೊಂದು ಓದಿದ ನನಗೆ ನೋಡುವ ಪೆಟ್ಟಿಗೆಯೂ ನೆನಪಿಡುವ ಪೆಟ್ಟಿಗೆಯೂ ಬೇರೆ ಬೇರೆ ಎಂಬುದೇ ತಲೆಗೆ ಹೋಗಿರಲಿಲ್ಲ. ಆರ್ಡರ್ ರದ್ದು ಮಾಡಿದೆ. ಮರುದಿನ ಇನ್ನೊಂದನ್ನು ಆರಿಸಿದೆ. ಅದು ನಮ್ಮ ಊರಿಗೆ ಬರಲು ಹನ್ನೆರಡು ದಿನವೆಂದಿತು. ಅದನ್ನೂ ರದ್ದು ಮಾಡಿದೆ. ದಮಯಂತಿ ಅವರೆಕಾಳು ಸುಲಿಯುತ್ತ ಇದನ್ನೆಲ್ಲ ನೋಡುತ್ತಿದ್ದಳು. "ನನಗೆ ಗಂಡು ನೋಡುವಾಗ ನಮ್ಮಪ್ಪ ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ರು. ಕಾಫಿ ಕುಡಿದು, ನಿಮ್ಮ ಮುಖ ನೋಡಿ, ಸರಿ ಅಂದ್ರು" ಎಂದಳು. ಇನ್ನೊಂದು ಕಾಯಿ ಸುಲಿದು, "ಅವರೂ ಎರಡು ರಿವ್ಯೂ ನೋಡಬಹುದಿತ್ತು" ಎಂದು ಸೇರಿಸಿದಳು. ನಾನು ಎದ್ದು ಅಂಗಳಕ್ಕೆ ಹೋದೆ.

ಏಳನೆಯ ದಿನಕ್ಕೆ ಮೊಗ್ಗು ಉದ್ದವಾಗಿ ಬಿಳಿ ತುದಿ ತೋರಿಸತೊಡಗಿತು. ಇತರರಿಗೆ ಅದು ಚೆಂದ; ನನಗೆ ಅದು ಮುಗಿಯುತ್ತಿರುವ ಗಡುವು. ದಿನಕ್ಕೆ ನಾಲ್ಕು ಸಲ ಬೇಲಿಯ ಹತ್ತಿರ ಹೋಗಿ ಮೊಗ್ಗು ನೋಡಿ ಬರುತ್ತಿದ್ದೆ, ಸ್ವಲ್ಪ ನಿಧಾನ ಮಾಡಿ ಎಂದು ಕೇಳಿಕೊಳ್ಳುವವನ ಹಾಗೆ. ನೀಲಕ್ಕ ಫೋನು ಮಾಡಿ, "ಡಬ್ಬ ಬಾತಾ?" ಎಂದು ಕೇಳಿದರು. "ದಾರಿಯಲ್ಲಿದೆ" ಎಂದೆ. ಸುಳ್ಳು. ಅದು ಯಾವ ದಾರಿಯಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಕೊನೆಗೆ ಜಬ್ಬಾರನೇ ಒಂದನ್ನು ಪತ್ತೆ ಮಾಡಿದ. ವಿರಾಜಪೇಟೆಯಲ್ಲಿ ಅವನ ಪರಿಚಯದ ಒಬ್ಬ ಮದುವೆ ಫೋಟೋಗ್ರಾಫರ್ ತನ್ನ ಹಳೆಯ ಐದಿಂಚಿನ ರೆಕಾರ್ಡರನ್ನು ಮಾರುತ್ತಿದ್ದಾನಂತೆ, ಕೈಗೆಟುಕುವ ದರಕ್ಕೆ. ಎಂಟನೆಯ ದಿನ ರಜೆ ಹಾಕಿ ಮಡಿಕೇರಿಯಲ್ಲಿ ಬಸ್ಸು ಬದಲಾಯಿಸಿ ವಿರಾಜಪೇಟೆಗೆ ಹೋದೆ. ಪೆಟ್ಟಿಗೆಯ ಒಂದು ಮೂಲೆ ಕೆತ್ತಿಹೋಗಿತ್ತು, ಪರದೆಗೆ ಒಂದು ಗೀರು. ಅದರೊಳಗೆ ಯಾರದೋ ರಿಸೆಪ್ಶನ್ ಇನ್ನೂ ಹಾಗೇ ಉಳಿದಿತ್ತು. ಅವನು ಪ್ಲೇ ಒತ್ತಿ ತೋರಿಸಿದ. ಚೆನ್ನಾಗಿ ಓಡಿತು. "ಇನ್ನೊಂದು ಎರಡು ಕಡೆ ನೋಡಿ..." ಎಂದು ನನ್ನ ಬಾಯಿ ತನ್ನಷ್ಟಕ್ಕೆ ಶುರು ಮಾಡಿತು. ಅವನು ಪೆಟ್ಟಿಗೆಯನ್ನು ಹಿಂದಕ್ಕೆಳೆದುಕೊಂಡು, "ಮಧ್ಯಾಹ್ನ ಗೋಣಿಕೊಪ್ಪದವರು ಬರ್ತಾರೆ" ಎಂದ. ಆ ಗೋಣಿಕೊಪ್ಪದವರು ನಿಜವಾಗಿ ಇದ್ದರೋ ಇಲ್ಲವೋ, ಅವರಿಂದಾಗಿ ನಾನು ಒಂದು ವಸ್ತು ಕೊಂಡೆ.

ಒಂಬತ್ತನೆಯ ದಿನ ಬೆಳಿಗ್ಗೆ ಪೊನ್ನಪ್ಪನವರ ಗೇಟಿನಲ್ಲೇ ವಾಸನೆ ಬಂತು. ಕಾಫಿ ಹೂವಿನ ವಾಸನೆಯನ್ನು ನಾನು ಹುಟ್ಟಿದಾಗಿನಿಂದ ಕುಡಿದವನು, ಆದರೂ ಪ್ರತಿ ವರ್ಷ ಒಂದು ಕ್ಷಣ ಎದೆ ತುಂಬಿ ಬರುತ್ತದೆ. ಸಾಲಿಗೆ ಸಾಲೇ ಬೆಳ್ಳಗೆ, ಎಲೆಯ ಮೇಲೆ ಇಬ್ಬನಿ. ಪೊನ್ನಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ದಾರಿಯಲ್ಲೇ ಕುರ್ಚಿ ಹಾಕಿ ಕೂತಿದ್ದರು, ಕಾವಲಿಗೆ. ನೀಲಕ್ಕ ಒಗೆದ ಹಸಿರು ಸೀರೆ ಉಟ್ಟು, ತಲೆಗೆ ವಸ್ತ್ರ ಕಟ್ಟಿ ಬಂದಿದ್ದರು. ಎಂದಿನಂತೆ ತಮಾಷೆ ಮಾಡಲಿಲ್ಲ. ನಾನು ಅವರ ಹತ್ತಿರ ಹೋಗಿ ಧೈರ್ಯ ಹೇಳಿದೆ, ಸೆರಗು ಸರಿಮಾಡಿದೆ, ಹಿಂದೆ ಬಂದೆ, ಮತ್ತೆ ಹೋಗಿ ಇನ್ನೊಮ್ಮೆ ಧೈರ್ಯ ಹೇಳಿದೆ. ಕ್ಯಾಮೆರಾದ ಕಾರ್ಡು ಪೂರ್ತಿ ಕೈಕೊಟ್ಟಿದ್ದರಿಂದ ರೆಕಾರ್ಡೆಲ್ಲ ಪೆಟ್ಟಿಗೆಯದೇ, ಅದರ ಗುಂಡಿ ನನ್ನ ಕೈಯಲ್ಲಿತ್ತು. ಜಬ್ಬಾರನಿಗೆ ಕ್ಯಾಮೆರಾ, ನನಗೆ ಪೆಟ್ಟಿಗೆ ಎಂದು ನಾನೇ ಹಟ ಹಿಡಿದು ಹಂಚಿಕೊಂಡದ್ದು. ಎಂಟು ದಿನ ಅದಕ್ಕಾಗಿ ಅಲೆದವನು ನಾನಲ್ಲವೇ? ಒಂದು ಸಲ ಒತ್ತಿದರೆ ರೆಕಾರ್ಡ್, ಇನ್ನೊಂದು ಸಲ ಒತ್ತಿದರೆ ನಿಲ್ಲುತ್ತದೆ. "ಆ್ಯಕ್ಷನ್" ಎಂದೆ. ಒತ್ತಿದೆ.

ನೀಲಕ್ಕ ಸಾಲಿನ ಪಕ್ಕ ನಡೆದು ಬಂದರಂತೆ, ರೆಕ್ಕೆ ಹಿಡಿದರಂತೆ, ಮೂಸಿದರಂತೆ, ನಕ್ಕರಂತೆ. ನಾನು ನೋಡಲಿಲ್ಲ. ಪರದೆಯಲ್ಲಿ ಬ್ಯಾಟರಿ ಎಷ್ಟಿದೆ, ಹೊಳಪು ಸಾಕೇ, ಆ ಗೀರು ಅವರ ಮುಖದ ಮೇಲೆ ಬರುತ್ತದೆಯೇ ಎಂದು ನೋಡುತ್ತಿದ್ದೆ. ಮುಗಿಯಿತು, ಒತ್ತಿದೆ. "ಹೆಂಗೆ ಆತ್?" ಎಂದು ನೀಲಕ್ಕ ಓಡಿಬಂದಂತೆ ಬಂದರು. "ನೋಡೇಬಿಡುವ" ಎಂದು ಗತ್ತಿನಿಂದ ಪ್ಲೇ ಒತ್ತಿದೆ. ಕನ್ನಡಕ ಹಾಕಿಕೊಂಡು ನೀಲಕ್ಕ ಬಗ್ಗಿದರು. ಪರದೆಯಲ್ಲಿ ಮೊದಲು ಕಂಡದ್ದು ನನ್ನ ಬೆನ್ನು. ನಾನು ನೀಲಕ್ಕನ ಸೆರಗು ಸರಿಮಾಡುತ್ತಿದ್ದೇನೆ. ಹಿಂದೆ ಬರುತ್ತೇನೆ. ಮತ್ತೆ ಬೆನ್ನು. ಕೈ ಬೀಸಿ ಏನೋ ವಿವರಿಸುತ್ತೇನೆ. ಜಬ್ಬಾರನ ಹತ್ತಿರ ಹೋಗುತ್ತೇನೆ, ಪೊನ್ನಪ್ಪನ ಕಡೆ ತಿರುಗುತ್ತೇನೆ, ಗಿಡದಲ್ಲೊಂದು ಎಲೆ ಕೀಳುತ್ತೇನೆ. ನನ್ನದೇ ಧ್ವನಿ "ಆ್ಯಕ್ಷನ್" ಎನ್ನುತ್ತದೆ. ಪರದೆ ಕಪ್ಪಾಗುತ್ತದೆ. ಪೆಟ್ಟಿಗೆ ಸರಿಯಿದೆಯೇ ನೋಡಲು ನಾನು ಮೊದಲೇ ಒಮ್ಮೆ ಒತ್ತಿ ಮರೆತಿದ್ದೆ. ಆ್ಯಕ್ಷನ್ ಎಂದಾಗ ಒತ್ತಿದ್ದು ನಿಲ್ಲಿಸುವುದಕ್ಕಾಯಿತು, ಮುಗಿದ ಮೇಲೆ ಒತ್ತಿದ್ದು ಮತ್ತೆ ಶುರುಮಾಡುವುದಕ್ಕೆ. ಸಿನಿಮಾ ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಸ್ಪಷ್ಟವಾಗಿ ಬಂದಿತ್ತು.

"ನಾ ಎಲ್ಲಿ?" ಎಂದರು ನೀಲಕ್ಕ. "ಒಂದಾಯ್ತು" ಎಂದು ಪೊನ್ನಪ್ಪ ಕುರ್ಚಿಯಿಂದಲೇ ಲೆಕ್ಕ ಕೊಟ್ಟರು. ಆ ಹೆಂಗಸು ಮೂವತ್ತು ವರ್ಷ ಕಾದು ಒಂದು ಸಲ ಚೆನ್ನಾಗಿ ನಕ್ಕಿದ್ದರು, ಅದನ್ನು ನಾನು ಯಂತ್ರದಲ್ಲೂ ಹಿಡಿಯಲಿಲ್ಲ, ಕಣ್ಣಲ್ಲೂ ಹಿಡಿಯಲಿಲ್ಲ. ಸಿಟ್ಟಾಗಲಿ, ಬೈಯಲಿ ಎಂದು ಕಾದೆ. ನೀಲಕ್ಕ ಕನ್ನಡಕ ತೆಗೆದು ಮಡಚಿದರು. "ಆ ಡಬ್ಬನ ಜಬ್ಬಾರಂಗೆ ಕೊಡ್. ನೀ ಅಲ್ಲಿ ನಿತ್ಕಂಡ್ ನನ್ನ ನೋಡ್. ನೋಡುವವು ಯಾರೂ ಇಲ್ಲದೆ ನಾ ಯಾರಿಗೆ ನಗ್ದು?" ಎಂದರು. ಜಬ್ಬಾರ್ ಪೆಟ್ಟಿಗೆಯನ್ನು ಕ್ಯಾಮೆರಾದ ಮೇಲೆ ತನ್ನ ಕಡೆಗೆ ತಿರುಗಿಸಿಕೊಂಡ, ಒತ್ತಿದ, "ರೋಲಿಂಗ್ ಸಾರ್" ಎಂದ. ಆಗಲೇ ಬಿಸಿಲು ಮರಗಳ ಮೇಲಿಂದ ಇಳಿಯುತ್ತಿತ್ತು, ಒಂದೆರಡು ಜೇನು ಬಂದು ನೋಡಿ ಹೋದವು. ನಾನು ಆ್ಯಕ್ಷನ್ ಎಂದೆ.

ನೀಲಕ್ಕ ನಡೆದು ಬಂದರು. ನಿಂತರು. ರೆಕ್ಕೆಯನ್ನು ಮುರಿಯದ ಹಾಗೆ ಎರಡು ಬೆರಳಲ್ಲಿ ಬಗ್ಗಿಸಿ ಮೂಗಿಗೆ ತಂದರು. ಏನೂ ಇಲ್ಲ. ಬಿಟ್ಟರು. ಇಷ್ಟು ವರ್ಷ ಬದುಕಿದ್ದಕ್ಕೆ ಇಷ್ಟೇ ಎಂಬ ಹಾಗೆ ಎರಡು ಹೆಜ್ಜೆ ಮುಂದೆ ಹೋದರು. ನಿಂತರು. ತಿರುಗಿದರು. ಅದೇ ರೆಕ್ಕೆಗೆ ಬಂದು ಮತ್ತೆ ಮೂಸಿದರು. ಆಗ ಮುಖದಲ್ಲಿ ಮೊದಲು ಬಂದದ್ದು ನಗುವಲ್ಲ, ಅನುಮಾನ. ನಿಜವಾ ಎಂದು ಹುಬ್ಬು ಕೇಳಿತು. ಆಮೇಲೆ ನಗು, ಕಣ್ಣಿನಿಂದ ಶುರುವಾಗಿ ನಿಧಾನಕ್ಕೆ ಕೆಳಗಿಳಿದು, ಕೊನೆಗೆ ಇಡೀ ಮೈ ನಗುತ್ತಿತ್ತು, ಸದ್ದೇ ಇಲ್ಲದೆ. ಹೀಗೆಲ್ಲ ನಾನು ಬರೆದಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಬ್ಯಾಟರಿ, ಗೀರು, ಹೊಳಪು, ಒಂದೂ ನೆನಪಾಗಲಿಲ್ಲ. "ಓಕೆ" ಎಂದೆ. ಹುಟ್ಟಿದಾಗಿನಿಂದ ಯಾವುದನ್ನೂ ಹಿಂದೆ ಮುಂದೆ ನೋಡದೆ ಓಕೆ ಎಂದವನಲ್ಲ ನಾನು. "ನೋಡುವನಾ?" ಎಂದು ಜಬ್ಬಾರ್ ಕೇಳಿದರೆ "ಬೇಕಾಗಿಲ್ಲ" ಎಂದೆ. "ಎರಡಾಯ್ತು, ಹೊರಡಿ" ಎಂದು ಪೊನ್ನಪ್ಪ ಕುರ್ಚಿ ಮಡಚಿದರು. ಅವರು ಗುಟ್ಟಾಗಿ ಮೂಗೊರೆಸಿಕೊಂಡದ್ದನ್ನು ಮಾತ್ರ ನಾನು ನೋಡಿದೆ.

ನೀಲಕ್ಕನ ಷರತ್ತು ಷರತ್ತೇ. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಜಬ್ಬಾರ್ ಪೆಟ್ಟಿ‌ಗೆಯಿಂದ ಒಂದು ವಯರ್ ಎಳೆದು ಟಿವಿಗೆ ಸಿಕ್ಕಿಸಿದ. ನೀಲಕ್ಕ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತರು. ದಮಯಂತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಕೂರಲಿಲ್ಲ. ಪ್ಲೇ ಒತ್ತಿದ. ಈ ಸಲ ಬಂದಿತ್ತು, ಪೂರ್ತಿ ಬಂದಿತ್ತು: ಬಿಳಿ ಸಾಲು, ಹಸಿರು ಸೀರೆ, ಮೊದಲ ಮೂಸುವಿಕೆ, ಎರಡು ಹೆಜ್ಜೆ. ನೀಲಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. "ಇದ್ ನಾನಾ?" ಎಂದರು ಮೆಲ್ಲಗೆ. ನಗು ಬಂದಾಗ, "ನಗೆ ಚೆಂದ ಉಟ್ಟು ಅಲ್ಲ?" ಎಂದು ಯಾರ ಕಡೆಯೂ ನೋಡದೆ ಕೇಳಿದರು. ಚೆಂದ ಇತ್ತು. ಆ ಸಂತೋಷದಲ್ಲೇ ನನ್ನ ಕಣ್ಣು ಟಿವಿಯ ಬಲಮೂಲೆಗೆ ಹೋಯಿತು.

ಅಲ್ಲಿ ಎರಡು ಗಿಡಗಳ ನಡುವೆ, ಬಿಳಿ ಹೂವಿನ ಹಿನ್ನೆಲೆಯಲ್ಲಿ, ಒಂದು ನೀಲಿ ಸ್ವೆಟರ್ ನಿಂತಿತ್ತು. ಸ್ವೆಟರಿನೊಳಗೆ ನಾನು. ನೀಲಕ್ಕನನ್ನು ಚೆನ್ನಾಗಿ ನೋಡಬೇಕೆಂದು ಶುರುವಿನಲ್ಲೇ ಎರಡು ಹೆಜ್ಜೆ ಸರಿದು, ಪೊನ್ನಪ್ಪ ಕಾಲಿಡಬೇಡವೆಂದ ಸಾಲಿನೊಳಗೇ ಹೋಗಿ ನಿಂತಿದ್ದೆ. ಅದು ನನಗೇ ಗೊತ್ತಾಗಿರಲಿಲ್ಲ. ಬಾಯಿ ಅರ್ಧ ತೆರೆದಿದೆ. ನೀಲಕ್ಕ ಮೂಸಿದರೆ ನನ್ನ ಮೂಗೂ ಅರಳುತ್ತದೆ. ನೀಲಕ್ಕ ನಕ್ಕರೆ ನಾನೂ ನಗುತ್ತೇನೆ. ಕ್ಯಾಮೆರಾದ ಕಡೆ ಒಂದು ಕ್ಷಣ ಕಣ್ಣು ಹಾಯಿಸಿದ್ದರೂ ಅದರ ಎದುರಿಗೇ ನಿಂತಿದ್ದೇನೆಂದು ತಿಳಿಯುತ್ತಿತ್ತು. "ಜಬ್ಬಾರ್! ನಿನಗೆ ಕಾಣಲಿಲ್ಲವಾ?" ಎಂದು ಕೂಗಿದೆ. "ಕಂಡೆ ಸಾರ್" ಎಂದ ಅವನು ಸಮಾಧಾನವಾಗಿ. "ನೀವೇ ಬೇಕಂತ ಬಂದ್ರಿ ಅಂದ್ಕೊಂಡೆ. ನಿಮ್ಮ ಮುಖದಲ್ಲಿ ಆ್ಯಕ್ಟಿಂಗ್ ಇತ್ತು." ನಾನು ತಲೆಗೆ ಕೈಹೊತ್ತು ಬಾಗಿಲಿನವರೆಗೆ ಹೋಗಿ ಬಂದೆ. ಇನ್ನು ಹೂವೆಂದರೆ ಮುಂದಿನ ವರ್ಷ. ಆ ಮೂಲೆಯನ್ನು ಕತ್ತರಿಸಿದರೆ ನೀಲಕ್ಕನ ಅರ್ಧ ಕೈಯೂ ಹೋಗುತ್ತದೆ. ತೆಗೆಯುವುದೇ, ಇಡುವುದೇ, ಬೇರೆ ಯಾರನ್ನಾದರೂ ಕೇಳುವುದೇ? "ಕತ್ತರಿಸದು ಬೇಡ" ಎಂದು ನೀಲಕ್ಕ ಮುಗಿಸಿದರು. "ನನ್ನ ನಗೆ ನೋಡಿಕೆ ಒಬ್ಬ ಇರ್ಲಿ. ನನ್ನ ಮಗ ಅಂತ ಮಾಡ್." ಹೀಗೆ ನನ್ನ ಸಿನಿಮಾದಲ್ಲಿ, ಇಪ್ಪತ್ತೊಂಬತ್ತು ನಿಮಿಷ ಎಲ್ಲೂ ಕಾಣದ ಒಬ್ಬ ಮಗ ಕೊನೆಯ ನಿಮಿಷದಲ್ಲಿ ಬಾಯಿ ತೆರೆದುಕೊಂಡು ಬಂದು ನಿಲ್ಲುತ್ತಾನೆ.

ಜಬ್ಬಾರ್ ವಯರ್ ಕೀಳಲು ಹೋದಾಗ ದಮಯಂತಿ, "ಇನ್ನೊಂದ್ಸಲ ಹಾಕಿ" ಎಂದಳು. ನೀಲಕ್ಕನಿಗಾಗಿ ಕೇಳಿದಳೆಂದು ಹಾಕಿದ. ಮುಗಿಯಿತು. "ಇನ್ನೊಂದ್ಸಲ" ಎಂದಳು. ಮೂರನೆಯ ಸಲ ನಾನು ಟಿವಿ ಬಿಟ್ಟು ಅವಳನ್ನು ನೋಡಿದೆ. ಅವಳ ಕಣ್ಣು ನೀಲಕ್ಕನ ಮೇಲಿರಲಿಲ್ಲ, ಬಲಮೂಲೆಯಲ್ಲಿತ್ತು. "ಎಂಥ ನೋಡ್ತಿದ್ದಿ ಅಲ್ಲಿ?" ಎಂದೆ, ಸ್ವಲ್ಪ ಸಿಡುಕಿನಿಂದಲೇ. "ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು" ಎಂದಳು ಅವಳು ಕಣ್ಣು ತೆಗೆಯದೆ. "ನೀವು ಒಂದು ಕಡೆ ಇಷ್ಟು ಹೊತ್ತು ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಇವತ್ತೇ."

ಗೇಟು ಹಾಕಿದೆಯೋ ಇಲ್ಲವೋ ನೋಡಿ ಬರುತ್ತೇನೆಂದು ಹೊರಗೆ ಹೋದೆ. ಗೇಟು ಹಾಕಿತ್ತು. ತೆಗೆದು ಮತ್ತೆ ಹಾಕಿ ಬಂದೆ. ಬಾಗಿಲಿಗೆ ಬರುವಷ್ಟರಲ್ಲಿ ಅವಳು ನಾಲ್ಕನೆಯ ಸಲ ಹಾಕಿಸಿಕೊಂಡಿದ್ದಳು. ಟಿವಿಯಲ್ಲಿ ನಾನು ಇನ್ನೂ ಅಲ್ಲೇ ನಿಂತಿದ್ದೆ.